ರಕ್ತದಲ್ಲೇ ಕರುಳಿನ ಕ್ಯಾನ್ಸರ್ ಪತ್ತೆ: ಪರೀಕ್ಷೆಯನ್ನು ಪರೀಕ್ಷಿಸುವ ಬಗೆ

ಬೆಂಗಳೂರಿನ ಬಹುಪಾಲು ಅಪಾರ್ಟ್‌ಮೆಂಟುಗಳ ನೋಟಿಸ್ ಬೋರ್ಡಿನಲ್ಲಿ ಆರೋಗ್ಯ ತಪಾಸಣೆಯ ಕರಪತ್ರವೊಂದು ಅಂಟಿಕೊಂಡೇ ಇರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್, ವಿಟಮಿನ್ ಡಿ ಎಂಬ ಪಟ್ಟಿ ಮುಗಿಯುವ ಹೊತ್ತಿಗೆ ಕೆಳಗಿನ ಸಾಲಿನಲ್ಲಿ ‘ಕ್ಯಾನ್ಸರ್ ಮಾರ್ಕರ್’ (ಕ್ಯಾನ್ಸರಿನ ಸುಳಿವು ಕೊಡಬಹುದಾದ, ರಕ್ತದಲ್ಲಿ ಅಳೆಯುವ ವಸ್ತು) ಎಂದಿರುತ್ತದೆ. ಪಕ್ಕದಲ್ಲಿ ಗೆರೆ ಎಳೆದು ಹೊಡೆದುಹಾಕಿದ ಹಳೆಯ ಬೆಲೆ, ಅದರ ಕೆಳಗೆ ರಿಯಾಯಿತಿ ಬೆಲೆ. ಬೆಳಗ್ಗೆ ಮನೆ ಬಾಗಿಲಿಗೇ ಬಂದು ರಕ್ತ ತೆಗೆದುಕೊಂಡು ಹೋಗುತ್ತಾರೆ, ಸಂಜೆಗೆ ಮೊಬೈಲಿಗೆ ವರದಿ ಬರುತ್ತದೆ. ಇದು ಸಾಲದೆಂಬಂತೆ, ಕೊಲೊನೋಸ್ಕೋಪಿಯ (ಗುದದ್ವಾರದ ಮೂಲಕ ಕ್ಯಾಮೆರಾ ಕೊಳವೆ ಹಾಯಿಸಿ ದೊಡ್ಡ ಕರುಳನ್ನು ನೋಡುವ ತಪಾಸಣೆ) ಗೋಜೇ ಇಲ್ಲದೆ ರಕ್ತದಲ್ಲಿ ತೇಲುವ ಡಿಎನ್‌ಎ ನೋಡಿ ದೊಡ್ಡ ಕರುಳಿನ ಕ್ಯಾನ್ಸರನ್ನು ಹಿಡಿಯುತ್ತೇವೆ ಎನ್ನುವ ಹೊಸ ಪರೀಕ್ಷೆಗಳೂ ಸುದ್ದಿಯಲ್ಲಿವೆ.

ಇಂಥ ಪರೀಕ್ಷೆಯ ಕರಪತ್ರವೋ ಸಂಶೋಧನಾ ಲೇಖನವೋ ಕೈಗೆ ಬಂದಾಗ ಅದನ್ನು ಅಳೆದು ನೋಡುವುದು ಹೇಗೆ ಎಂಬುದನ್ನು ಇಲ್ಲಿ ಬರೆದಿದ್ದೇನೆ. ಶೇಕಡಾ ಲೆಕ್ಕ ಬಂದರೆ ಸಾಕು, ಬೇರೆ ಗಣಿತ ಬೇಕಿಲ್ಲ. ನನ್ನ ವಾದ ಸಣ್ಣದು: ದಪ್ಪ ಅಕ್ಷರದಲ್ಲಿ ಅಚ್ಚಾದ ಶೇಕಡಾವಾರಿಗಿಂತ, ಅದು ಯಾರ ರಕ್ತದಿಂದ ಬಂತು ಎಂಬ ಪ್ರಶ್ನೆಗೆ ಹೆಚ್ಚು ತೂಕವಿದೆ.

ಹಂತ 1: ಪರೀಕ್ಷೆಯ ಮಾತೇ ಬೇಡದವರು ಯಾರು?

ಮಲದಲ್ಲಿ ರಕ್ತ, ಕೆಲವು ವಾರಗಳಿಂದ ಬದಲಾಗಿ ಹೋದ ಮಲವಿಸರ್ಜನೆಯ ರೀತಿ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ಪುರುಷರಲ್ಲಿ ಅಥವಾ ಮುಟ್ಟು ನಿಂತ ಮಹಿಳೆಯರಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ. ಇವುಗಳಲ್ಲಿ ಯಾವುದಾದರೂ ಇದ್ದರೆ ರಕ್ತದ ಮಾರ್ಕರ್ ಬಗ್ಗೆ ಯೋಚಿಸುವ ಅಗತ್ಯವಿಲ್ಲ. ಗ್ಯಾಸ್ಟ್ರೋಎಂಟರಾಲಜಿಸ್ಟ್, ಅಂದರೆ ಹೊಟ್ಟೆ-ಕರುಳಿನ ತಜ್ಞರ ಬಳಿ ಹೋಗಿ. ರೋಗಲಕ್ಷಣ ಇರುವವರಿಗೆ ಬೇಕಾದದ್ದು ಕಣ್ಣಿನಿಂದ ನೋಡುವ, ಅಗತ್ಯವಿದ್ದರೆ ಬಯಾಪ್ಸಿ (ಪರೀಕ್ಷೆಗೆಂದು ಅಂಗಾಂಶದ ಚೂರು) ತೆಗೆಯುವ ತಪಾಸಣೆ. ಮಾರ್ಕರ್ ‘ನಾರ್ಮಲ್’ ಬಂದಿತೆಂದು ಸುಮ್ಮನಾದರೆ ಆಗುವ ನಷ್ಟ ದೊಡ್ಡದು.

ಇದನ್ನು ಒತ್ತಿ ಹೇಳಲು ಕಾರಣವಿದೆ. ನಮ್ಮಲ್ಲಿ ರಕ್ತ ಬಿದ್ದರೆ ಮೊದಲು ನೆನಪಾಗುವುದು ಮೂಲವ್ಯಾಧಿ. ‘ಆಪರೇಷನ್ ಇಲ್ಲದೆ ಪೈಲ್ಸ್ ಗುಣ’ ಎನ್ನುವ ಬೋರ್ಡು ಇಲ್ಲದ ಬಡಾವಣೆ ಈ ಊರಿನಲ್ಲಿ ಸಿಗುವುದು ಕಷ್ಟ. ಮುಲಾಮು, ಮಜ್ಜಿಗೆ, ಇಸಬಗೋಲು ಎಂದು ತಿಂಗಳುಗಟ್ಟಲೆ ಕಳೆದ ಮೇಲೆ ಗುದನಾಳದ ಗಡ್ಡೆ ಪತ್ತೆಯಾಗುವುದು ಅಪರೂಪವಲ್ಲ. ಭಾರತದಲ್ಲಿ ಗುದನಾಳದ ಕ್ಯಾನ್ಸರಿನ ಪಾಲು ಹೆಚ್ಚು, ರೋಗಿಗಳ ವಯಸ್ಸೂ ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ. ನಲವತ್ತರ ಒಳಗಿನವರು ‘ನನಗೆ ಇನ್ನೂ ವಯಸ್ಸಾಗಿಲ್ಲ’ ಎಂದುಕೊಳ್ಳುವುದು ಸರಿಯಲ್ಲ. ಬೆರಳಿನಿಂದ ಗುದದ್ವಾರ ಪರೀಕ್ಷಿಸುವ ವೈದ್ಯರಿಗೆ ಎಷ್ಟೋ ಸಲ ಒಂದು ನಿಮಿಷದಲ್ಲಿ ಗೊತ್ತಾಗುವ ಸಂಗತಿ ಮಾರ್ಕರ್ ವರದಿಯಲ್ಲಿ ಕಾಣುವುದಿಲ್ಲ.

ಹತ್ತಿರದ ರಕ್ತಸಂಬಂಧಿಗಳಲ್ಲಿ ಕರುಳಿನ ಕ್ಯಾನ್ಸರ್ ಇದ್ದವರು, ಲಿಂಚ್ ಸಿಂಡ್ರೋಮ್‌ನಂಥ ಆನುವಂಶಿಕ ತೊಂದರೆ ಇರುವ ಕುಟುಂಬದವರು, ಬಹುಕಾಲದಿಂದ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಉರಿಯೂತ) ಇರುವವರು ಕೂಡ ಇದೇ ಸಾಲಿಗೆ ಸೇರುತ್ತಾರೆ. ಅವರಿಗೆ ಕೊಲೊನೋಸ್ಕೋಪಿಯೇ ದಾರಿ. ಈ ಲೇಖನದ ಮುಂದಿನ ಭಾಗ ಲಕ್ಷಣಗಳಿಲ್ಲದ, ಸಾಮಾನ್ಯ ಅಪಾಯವಿರುವ ಜನರ ತಪಾಸಣೆಗೆ ಸಂಬಂಧಿಸಿದ್ದು.

ಹಂತ 2: ಏನನ್ನು ಅಳೆಯುತ್ತಾರೆ, ಯಾವ ಕೆಲಸಕ್ಕೆ?

ಕರಪತ್ರದಲ್ಲಿ ಮಾರ್ಕರಿನ ಹೆಸರು ಹುಡುಕಿ. ಹೆಸರೇ ಇಲ್ಲದೆ ‘ಸುಧಾರಿತ ಕ್ಯಾನ್ಸರ್ ಪರೀಕ್ಷೆ’ ಎಂದಷ್ಟೇ ಇದ್ದರೆ ಅಲ್ಲಿಗೇ ಬಿಡಬಹುದು.

ಬೆಂಗಳೂರಿನ ಪ್ಯಾಕೇಜುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಸಿಇಎ (ಕಾರ್ಸಿನೋಎಂಬ್ರಿಯಾನಿಕ್ ಆಂಟಿಜೆನ್). 1965ರಲ್ಲಿ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್ಮನ್ ಗುರುತಿಸಿದ ಪ್ರೋಟೀನು ಇದು. ಧೂಮಪಾನಿಗಳಲ್ಲಿ ಇದರ ಮಟ್ಟ ಕ್ಯಾನ್ಸರ್ ಇಲ್ಲದೆಯೂ ಹೆಚ್ಚಿರುತ್ತದೆ. ಯಕೃತ್ತಿನ ಕಾಯಿಲೆ, ಪ್ಯಾಂಕ್ರಿಯಾಸ್‌ನ ಉರಿಯೂತ, ಕರುಳಿನ ಉರಿಯೂತಗಳಲ್ಲೂ ಏರುತ್ತದೆ. ಮೊದಲ ಹಂತದ ಗಡ್ಡೆಯಿರುವ ಅನೇಕರಲ್ಲಿ ಏರುವುದೇ ಇಲ್ಲ. ಹಾಗಾಗಿ ಆರೋಗ್ಯವಂತರ ತಪಾಸಣೆಗೆ ಇದನ್ನು ಯಾವ ಪ್ರಮುಖ ಮಾರ್ಗಸೂಚಿಯೂ ಶಿಫಾರಸು ಮಾಡುವುದಿಲ್ಲ. ಅದರ ನಿಜವಾದ ಕೆಲಸ ಬೇರೆ: ಶಸ್ತ್ರಚಿಕಿತ್ಸೆ ಆದವರಲ್ಲಿ ರೋಗ ಮರಳಿ ಬರುತ್ತಿದೆಯೇ ಎಂದು ಕಾಯುವುದು. ಆ ಕೆಲಸದಲ್ಲಿ ಅದು ದಶಕಗಳಿಂದ ವೈದ್ಯರ ಕೈಹಿಡಿದಿದೆ. ಒಂದೇ ಪರೀಕ್ಷೆ ಒಂದು ಕೆಲಸಕ್ಕೆ ಒಳ್ಳೆಯದು, ಇನ್ನೊಂದಕ್ಕೆ ನಿರುಪಯುಕ್ತ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೆಯ ಬಗೆ, ರಕ್ತದಲ್ಲಿ ತೇಲುವ ಡಿಎನ್‌ಎ ಚೂರುಗಳನ್ನು ನೋಡುವುದು. ಸಾಯುವ ಜೀವಕೋಶಗಳು ತಮ್ಮ ಡಿಎನ್‌ಎಯನ್ನು ರಕ್ತಕ್ಕೆ ಬಿಡುತ್ತವೆ. ಕ್ಯಾನ್ಸರ್ ಕೋಶದ ಚೂರಿನಲ್ಲಿ ಮೀಥೈಲ್ ಗುರುತುಗಳ (ಡಿಎನ್‌ಎ ಮೇಲೆ ಅಂಟಿಕೊಂಡಿರುವ ಸಣ್ಣ ರಾಸಾಯನಿಕ ಗುರುತುಗಳ) ವಿನ್ಯಾಸ ಬೇರೆಯಾಗಿರುತ್ತದೆ. ಸೆಪ್ಟಿನ್ 9 ಎಂಬ ಒಂದೇ ಜೀನಿನ ಗುರುತು ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2016ರಲ್ಲಿ ಅನುಮತಿ ಕೊಟ್ಟಿತು. ಹಲವು ಗುರುತುಗಳನ್ನು ಒಟ್ಟಿಗೆ ನೋಡುವ ‘ಶೀಲ್ಡ್’ ಎಂಬ ಪರೀಕ್ಷೆಗೆ 2024ರ ಜುಲೈಯಲ್ಲಿ, 45 ದಾಟಿದ ಸಾಮಾನ್ಯ ಅಪಾಯದವರ ತಪಾಸಣೆಗೆಂದು ಅನುಮತಿ ಸಿಕ್ಕಿತು. ‘ಎಫ್‌ಡಿಎ ಅನುಮೋದಿತ’ ಎಂದು ಬರೆದಿದ್ದರೆ ಯಾವ ಪರೀಕ್ಷೆ, ಯಾರಿಗೆ, ಯಾವ ಉದ್ದೇಶಕ್ಕೆ ಎಂಬ ಮೂರನ್ನೂ ಕೇಳಿ. ಒಂದು ಕಂಪನಿಯ ಸೆಪ್ಟಿನ್ 9 ಕಿಟ್ಟಿಗೆ ಸಿಕ್ಕ ಅನುಮತಿ ಅದೇ ಜೀನನ್ನು ನೋಡುವ ಇನ್ನೊಂದು ಲ್ಯಾಬಿನ ಸ್ವಂತ ವಿಧಾನಕ್ಕೆ ಅನ್ವಯಿಸುವುದಿಲ್ಲ.

ಹಂತ 3: ಯಾರ ರಕ್ತದ ಮೇಲೆ ಪ್ರಯೋಗ ನಡೆಯಿತು?

ಇಲ್ಲಿ ಹೆಚ್ಚು ಸಮಯ ಕೊಡಿ. ಉಳಿದ ಹಂತಗಳಲ್ಲಿ ಎಡವಿದರೂ ಇಲ್ಲಿ ಎಡವಬಾರದು.

1969ರಲ್ಲಿ ಸಿಇಎಯನ್ನು ರಕ್ತದಲ್ಲಿ ಅಳೆದು ಪ್ರಕಟಿಸಿದ ಮೊದಲ ಅಧ್ಯಯನದಲ್ಲಿ, ದೊಡ್ಡ ಕರುಳಿನ ಕ್ಯಾನ್ಸರ್ ಇದ್ದ 36 ಜನರ ಪೈಕಿ 35 ಜನರಲ್ಲಿ ಅದು ಕಾಣಿಸಿಕೊಂಡಿತು. ಶೇಕಡಾ 97! ಕ್ಯಾನ್ಸರ್ ಪತ್ತೆಯ ಸಮಸ್ಯೆ ಬಗೆಹರಿಯಿತು ಎಂದು ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಬೇರೆಯವರು ಬೇರೆ ರೋಗಿಗಳಲ್ಲಿ, ಅದರಲ್ಲೂ ಸಣ್ಣ ಗಡ್ಡೆಗಳವರಲ್ಲಿ ಅಳೆಯಲು ಹೊರಟಾಗ ಆ ಸಂಖ್ಯೆ ಕುಸಿಯಿತು. ಕ್ಯಾನ್ಸರಿಲ್ಲದ ಬೇರೆ ಕಾಯಿಲೆಗಳವರಲ್ಲೂ ಪಾಸಿಟಿವ್ ಬರತೊಡಗಿತು. ರಾನ್ಸಾಫ್ ಮತ್ತು ಫೀನ್‌ಸ್ಟೀನ್ ಎಂಬ ಇಬ್ಬರು ವೈದ್ಯರು 1978ರಲ್ಲಿ ಇದರ ಕಾರಣ ವಿವರಿಸಿ ಬರೆದರು: ಮೊದಲಿನ ಪ್ರಯೋಗದಲ್ಲಿ ಒಂದು ಕಡೆ ರೋಗ ಬಲಿತವರು, ಇನ್ನೊಂದು ಕಡೆ ಗಟ್ಟಿಮುಟ್ಟಾದವರು. ನಡುವಿನವರೇ ಇರಲಿಲ್ಲ. ತಪಾಸಣೆಗೆ ಬರುವವರು ಮಾತ್ರ ಈ ನಡುವಿನವರೇ.

ಅದೇ ಕಥೆ ಸೆಪ್ಟಿನ್ 9ರಲ್ಲೂ ನಡೆಯಿತು. ಆಸ್ಪತ್ರೆಯ ರೋಗಿಗಳನ್ನೂ ಆರೋಗ್ಯವಂತರನ್ನೂ ಹೋಲಿಸಿದ ಆರಂಭದ ಅಧ್ಯಯನಗಳಲ್ಲಿ ಅದು ಶೇಕಡಾ 70ರ ಆಸುಪಾಸು ಕ್ಯಾನ್ಸರುಗಳನ್ನು ಹಿಡಿದಿತ್ತು. ಆಮೇಲೆ ಅಮೆರಿಕ ಮತ್ತು ಜರ್ಮನಿಯಲ್ಲಿ, ಲಕ್ಷಣಗಳಿಲ್ಲದೆ ಮಾಮೂಲಿ ಕೊಲೊನೋಸ್ಕೋಪಿಗೆ ಬಂದ ಸುಮಾರು 7,900 ಜನರ ರಕ್ತವನ್ನು ಮುಂಚಿತವಾಗಿ ತೆಗೆದಿಟ್ಟು ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ: ಶೇಕಡಾ 48. ಮೊದಲ ಹಂತದ ಕ್ಯಾನ್ಸರಿನಲ್ಲಿ ಶೇಕಡಾ 35. ಪರೀಕ್ಷೆ ಬದಲಾಗಿರಲಿಲ್ಲ, ಜನ ಬದಲಾಗಿದ್ದರು.

ಹಾಗಾದರೆ ಲೇಖನ ಕೈಗೆ ಬಂದಾಗ ಏನು ನೋಡಬೇಕು? ‘ವಿಧಾನ’ ಎಂಬ ಭಾಗಕ್ಕೆ ನೇರವಾಗಿ ಹೋಗಿ. ಸಾರಾಂಶ ಓದುತ್ತ ಕೂರಬೇಡಿ. ಭಾಗವಹಿಸಿದವರು ಹೇಗೆ ಬಂದರು? ಕ್ಯಾನ್ಸರ್ ಇದೆಯೆಂದು ಮೊದಲೇ ಗೊತ್ತಿದ್ದವರನ್ನು ಆಸ್ಪತ್ರೆಯ ವಾರ್ಡಿನಿಂದ, ಆರೋಗ್ಯವಂತರನ್ನು ರಕ್ತದಾನ ಶಿಬಿರದಿಂದಲೋ ಸಿಬ್ಬಂದಿಯಿಂದಲೋ ಆರಿಸಿಕೊಂಡಿದ್ದರೆ ಅದು ಆರಂಭದ ಸಂಶೋಧನೆ ಅಷ್ಟೇ. ಅದರ ಶೇಕಡಾವಾರನ್ನು ನಿಮಗೆ ಅನ್ವಯಿಸಿಕೊಳ್ಳಬೇಡಿ. ರೋಗಿಗಳ ಸರಾಸರಿ ವಯಸ್ಸು 62, ಆರೋಗ್ಯವಂತರದ್ದು 35 ಎಂದಿದ್ದರೆ ಆ ಮಾರ್ಕರ್ ಕ್ಯಾನ್ಸರನ್ನು ಗುರುತಿಸುತ್ತಿದೆಯೋ ಮುಪ್ಪನ್ನೋ ಹೇಳಲಾಗದು. ರೋಗಿಗಳ ರಕ್ತವನ್ನು ಅರಿವಳಿಕೆ ಕೊಡುವ ಮುನ್ನ ಖಾಲಿ ಹೊಟ್ಟೆಯಲ್ಲಿ ತೆಗೆದು, ಉಳಿದವರದ್ದನ್ನು ಊಟದ ನಂತರ ತೆಗೆದಿದ್ದರೂ ಇದೇ ಗೊಂದಲ. ಒಂದು ಗುಂಪಿನ ಸ್ಯಾಂಪಲ್ ಐದು ವರ್ಷ ಫ್ರೀಜರಿನಲ್ಲಿದ್ದು ಇನ್ನೊಂದರದ್ದು ಹೊಸದಾಗಿದ್ದರೂ ಅಷ್ಟೆ.

ಮುಂದಿನ ಪ್ರಶ್ನೆ: ರಕ್ತಪರೀಕ್ಷೆ ನೆಗೆಟಿವ್ ಬಂದವರಿಗೂ ಕೊಲೊನೋಸ್ಕೋಪಿ ಮಾಡಿದರೇ? ಪಾಸಿಟಿವ್ ಬಂದವರಿಗೆ ಮಾತ್ರ ಮಾಡಿದ್ದರೆ, ಕೈತಪ್ಪಿದ ಕ್ಯಾನ್ಸರುಗಳು ಎಣಿಕೆಗೇ ಬರುವುದಿಲ್ಲ. ಕೊಲೊನೋಸ್ಕೋಪಿ ಮಾಡಿದವರಿಗೆ ರಕ್ತದ ಫಲಿತಾಂಶ, ರಕ್ತ ಪರೀಕ್ಷಿಸಿದವರಿಗೆ ಕೊಲೊನೋಸ್ಕೋಪಿಯ ಫಲಿತಾಂಶ ಗೊತ್ತಿರಲಿಲ್ಲವೇ ಎಂಬುದನ್ನೂ ನೋಡಿ.

ಕೊನೆಯದು ಕಟ್-ಆಫ್, ಅಂದರೆ ಇಷ್ಟಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್ ಎನ್ನುವ ಗೆರೆ. ಆ ಗೆರೆಯನ್ನು ಇದೇ ಜನರ ಅಂಕಿ-ಅಂಶ ನೋಡಿ ಎಳೆದು, ಇದೇ ಜನರ ಮೇಲೆ ಪರೀಕ್ಷೆ ಚೆನ್ನಾಗಿದೆ ಎಂದು ತೋರಿಸಿದ್ದರೆ ಅದು ಉತ್ತರಗಳನ್ನು ಎದುರಿಗಿಟ್ಟುಕೊಂಡು ಪರೀಕ್ಷೆ ಬರೆದಂತೆ. ಗೆರೆಯನ್ನು ಮೊದಲೇ ನಿಗದಿ ಮಾಡಿ, ಹೊಸ ಜನರ ಮೇಲೆ, ಸಾಧ್ಯವಾದರೆ ಬೇರೆ ಊರಿನ ಬೇರೆ ತಂಡದವರು ಪರಿಶೀಲಿಸಿರಬೇಕು. ನೂರಾರು ಪ್ರೋಟೀನುಗಳನ್ನೋ ಸಾವಿರಾರು ಜೀನುಗಳನ್ನೋ ಕಂಪ್ಯೂಟರಿಗೆ ಕೊಟ್ಟು ‘ಕೃತಕ ಬುದ್ಧಿಮತ್ತೆಯಿಂದ ಕಂಡುಹಿಡಿದ’ ಮಾರ್ಕರುಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಷ್ಟು ಅಳತೆಗಳಲ್ಲಿ ಒಂದಷ್ಟು ಆಕಸ್ಮಿಕವಾಗಿಯೇ ಹೊಂದಿಬಿಡುತ್ತವೆ.

ಹಂತ 4: ‘ನಿಖರತೆ’ ಬಿಟ್ಟು ಎರಡು ಸಂಖ್ಯೆ ಕೇಳಿ

‘99% ನಿಖರ’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಸಾವಿರ ಜನರಲ್ಲಿ ಇಬ್ಬರಿಗೆ ಕ್ಯಾನ್ಸರ್ ಇದೆಯೆಂದುಕೊಳ್ಳಿ. ರಕ್ತವನ್ನೇ ತೆಗೆಯದೆ ಎಲ್ಲರಿಗೂ ‘ನಿಮಗೇನೂ ಇಲ್ಲ’ ಎಂದು ಬರೆದುಕೊಟ್ಟರೂ 998 ಜನರ ವಿಷಯದಲ್ಲಿ ಮಾತು ನಿಜವಾಗುತ್ತದೆ. ಅಲ್ಲಿಗೆ ನಿಖರತೆ ಶೇಕಡಾ 99.8!

ಕೇಳಬೇಕಾದ್ದು ಎರಡು. ಕ್ಯಾನ್ಸರ್ ಇರುವ ನೂರು ಜನರಲ್ಲಿ ಎಷ್ಟು ಜನಕ್ಕೆ ಪಾಸಿಟಿವ್ ಬರುತ್ತದೆ? ಇದು ಸೆನ್ಸಿಟಿವಿಟಿ. ಇಲ್ಲದ ನೂರು ಜನರಲ್ಲಿ ಎಷ್ಟು ಜನಕ್ಕೆ ನೆಗೆಟಿವ್ ಬರುತ್ತದೆ? ಇದು ಸ್ಪೆಸಿಫಿಸಿಟಿ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಹೇಳಿದ್ದಕ್ಕೂ ಅರ್ಥವಿಲ್ಲ, ಏಕೆಂದರೆ ಗೆರೆಯನ್ನು ಮೇಲೆ ಕೆಳಗೆ ಸರಿಸಿ ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಶಸ್ತ್ರಚಿಕಿತ್ಸೆಯ ನಂತರ ರೋಗ ಮರುಕಳಿಸುವುದನ್ನು ಸಿಇಎ ಎಷ್ಟು ಚೆನ್ನಾಗಿ ಹಿಡಿಯುತ್ತದೆ ಎಂದು 2015ರ ಕಾಕ್ರೇನ್ ವಿಮರ್ಶೆ (ಒಂದೇ ವಿಷಯದ ಹಲವು ಅಧ್ಯಯನಗಳನ್ನು ತೂಗಿ ನೋಡುವ ವರದಿ) ಒಟ್ಟುಗೂಡಿಸಿ ನೋಡಿತು. ಗೆರೆ ಲೀಟರಿಗೆ 2.5 ಮೈಕ್ರೋಗ್ರಾಂನಲ್ಲಿದ್ದರೆ ಸೆನ್ಸಿಟಿವಿಟಿ 82, ಸ್ಪೆಸಿಫಿಸಿಟಿ 80. ಗೆರೆಯನ್ನು 5ಕ್ಕೆ ಏರಿಸಿದರೆ 71 ಮತ್ತು 88. ಹತ್ತಕ್ಕೆ ಏರಿಸಿದರೆ 68 ಮತ್ತು 97. ಒಂದೇ ಪ್ರೋಟೀನು, ಮೂರು ಗೆರೆ, ಮೂರು ಬೇರೆ ಬೇರೆ ಪರೀಕ್ಷೆಗಳೆಂದೇ ತಿಳಿಯಬಹುದು.

ಸಂಖ್ಯೆಯ ಹಿಂದೆ ಎಷ್ಟು ಜನ ಇದ್ದಾರೆಂದೂ ನೋಡಿ. ಶೀಲ್ಡ್ ಪರೀಕ್ಷೆಯ ಮುಖ್ಯ ಅಧ್ಯಯನ 2024ರ ಮಾರ್ಚಿನಲ್ಲಿ ಪ್ರಕಟವಾಯಿತು. 7,861 ಜನರ ಲೆಕ್ಕ ಸಿಕ್ಕಿತ್ತು. ದೊಡ್ಡ ಅಧ್ಯಯನವೇ, ಆದರೆ ಕ್ಯಾನ್ಸರ್ ಇದ್ದವರು 65 ಜನ ಮಾತ್ರ. ಅವರಲ್ಲಿ 54 ಜನರನ್ನು ಪರೀಕ್ಷೆ ಹಿಡಿಯಿತು, ಅಂದರೆ ಶೇಕಡಾ 83. ಕೇವಲ 65 ಜನರ ಮೇಲೆ ನಿಂತ ಸಂಖ್ಯೆಯಾದ್ದರಿಂದ ನಿಜವಾದ ಪ್ರಮಾಣ 72ರಿಂದ 90ರ ನಡುವೆ ಎಲ್ಲಾದರೂ ಇರಬಹುದು ಎಂದು ಲೇಖಕರೇ ಬರೆದಿದ್ದಾರೆ. ಎಂಟು ಸಾವಿರ ಜನರ ಅಧ್ಯಯನದಲ್ಲೇ ಇಷ್ಟು ಅಂತರ ಉಳಿಯುತ್ತದೆ. ಇನ್ನು ‘200 ಜನರ ಮೇಲೆ ಪ್ರಯೋಗಿಸಲಾಗಿದೆ’ ಎಂಬ ಸಾಲನ್ನು ಹೇಗೆ ಓದಬೇಕೆಂದು ನೀವೇ ಊಹಿಸಿ.

ಹಂತ 5: ಹತ್ತು ಸಾವಿರ ಬೆಂಗಳೂರಿಗರ ಲೆಕ್ಕ ಹಾಕಿ

ಕಾಗದ, ಪೆನ್ನು ತೆಗೆದುಕೊಳ್ಳಿ. ಸೆನ್ಸಿಟಿವಿಟಿ 83, ಸ್ಪೆಸಿಫಿಸಿಟಿ 90 ಇರುವ ಒಳ್ಳೆಯ ಪರೀಕ್ಷೆಯನ್ನೇ ಇಟ್ಟುಕೊಳ್ಳೋಣ.

ಅಮೆರಿಕದಲ್ಲಿ ನಡೆದ ಆ ಶೀಲ್ಡ್ ಅಧ್ಯಯನದಲ್ಲಿ ಸಾವಿರಕ್ಕೆ ಸುಮಾರು 8 ಜನರಿಗೆ ಕ್ಯಾನ್ಸರ್ ಇತ್ತು. ಹತ್ತು ಸಾವಿರಕ್ಕೆ 80. ಅವರಲ್ಲಿ 66 ಜನರಿಗೆ ಪಾಸಿಟಿವ್ ಬರುತ್ತದೆ. ಕ್ಯಾನ್ಸರ್ ಇಲ್ಲದ 9,920 ಜನರಲ್ಲಿ ಹತ್ತನೇ ಒಂದು ಭಾಗ, 992 ಜನರಿಗೂ ಪಾಸಿಟಿವ್ ಬರುತ್ತದೆ. ಒಟ್ಟು 1,058 ಪಾಸಿಟಿವ್ ವರದಿಗಳಲ್ಲಿ ನಿಜವಾದವು 66. ಹದಿನಾರಕ್ಕೆ ಒಂದು.

ಈಗ ನಮ್ಮ ಊರಿಗೆ ಬನ್ನಿ. ಭಾರತದಲ್ಲಿ ಈ ಕ್ಯಾನ್ಸರಿನ ವಯೋಹೊಂದಾಣಿಕೆ ಮಾಡಿದ (ದೇಶದೇಶಗಳ ಜನರ ವಯಸ್ಸಿನ ವ್ಯತ್ಯಾಸ ಸರಿದೂಗಿಸಿದ) ವಾರ್ಷಿಕ ದರ ಲಕ್ಷಕ್ಕೆ ಸುಮಾರು 5. ಅಮೆರಿಕದಲ್ಲಿ ಅದರ ಐದು ಪಟ್ಟಿಗೂ ಹೆಚ್ಚು. ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆ 1980ರ ದಶಕದ ಆರಂಭದಿಂದಲೂ ಜನಸಂಖ್ಯಾ ಆಧಾರಿತ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ, ದೇಶದ ನೋಂದಣಿಗಳ ಅಂಕಿ-ಅಂಶಗಳನ್ನು ಒಟ್ಟುಗೂಡಿಸುವ ಕೇಂದ್ರವೂ ಈ ನಗರದಲ್ಲೇ ಇದೆ. ಮಹಾನಗರಗಳಲ್ಲಿ ದರ ದೇಶದ ಸರಾಸರಿಗಿಂತ ಹೆಚ್ಚೆಂಬುದು ನಿಜ. ಉದಾರವಾಗಿಯೇ ಲೆಕ್ಕ ಹಾಕಿ, ಲಕ್ಷಣಗಳಿಲ್ಲದ ಹತ್ತು ಸಾವಿರ ಮಧ್ಯವಯಸ್ಕರಲ್ಲಿ 20 ಜನರಿಗೆ ಕ್ಯಾನ್ಸರ್ ಇದೆಯೆಂದು ಊಹಿಸೋಣ. ಅವರಲ್ಲಿ 17 ಜನ ಸಿಗುತ್ತಾರೆ. ಇಲ್ಲದ 9,980 ಜನರಲ್ಲಿ 998 ಜನರಿಗೆ ಸುಳ್ಳು ಪಾಸಿಟಿವ್. ಒಟ್ಟು 1,015ರಲ್ಲಿ ನಿಜವಾದವು 17, ಅರವತ್ತಕ್ಕೆ ಒಂದು. ಪರೀಕ್ಷೆ ಅದೇ, ಕಂಪನಿ ಅದೇ, ಊರು ಮಾತ್ರ ಬೇರೆ.

ಇದನ್ನು ಓದಿ ಪಾಸಿಟಿವ್ ವರದಿಯನ್ನು ಕಸದ ಬುಟ್ಟಿಗೆ ಹಾಕಬೇಡಿ. ಅರವತ್ತಕ್ಕೆ ಒಂದು ಎಂಬುದು ಕೊಲೊನೋಸ್ಕೋಪಿ ಮಾಡಿಸಿಕೊಳ್ಳಲು ಸಾಕಾಗುವಷ್ಟು ದೊಡ್ಡ ಕಾರಣವೇ. ಆದರೆ ಆ ರಾತ್ರಿ ನಿದ್ದೆಗೆಡುವಂಥದ್ದಲ್ಲ, ಮಕ್ಕಳಿಗೆ ಫೋನ್ ಮಾಡಿ ಆಸ್ತಿಯ ಮಾತಾಡುವಂಥದ್ದಂತೂ ಅಲ್ಲ.

ನೆಗೆಟಿವ್ ವರದಿಯನ್ನೂ ಹೀಗೆಯೇ ತೂಗಿ. ಮೇಲಿನ ಎರಡನೆಯ ಲೆಕ್ಕದಲ್ಲಿ ಪರೀಕ್ಷೆಗೆ ಮೊದಲೇ ನಿಮಗೆ ಕ್ಯಾನ್ಸರ್ ಇರುವ ಸಾಧ್ಯತೆ ಐನೂರಕ್ಕೆ ಒಂದಿತ್ತು. ನೆಗೆಟಿವ್ ಬಂದ ಮೇಲೆ ಸುಮಾರು ಮೂರು ಸಾವಿರಕ್ಕೆ ಒಂದಾಯಿತು. ಸುಧಾರಣೆ ನಿಜ. ‘ನೆಗೆಟಿವ್ ಬಂದರೆ 99.9% ನಿಶ್ಚಿಂತೆ’ ಎಂಬ ಜಾಹೀರಾತು ಸುಳ್ಳೂ ಅಲ್ಲ. ಆದರೆ ಅದರಲ್ಲಿ 99.8ರಷ್ಟು ನಿಶ್ಚಿಂತೆ ರಕ್ತ ಕೊಡುವ ಮೊದಲೇ ನಿಮ್ಮದಾಗಿತ್ತು.

ಐದಾರು ಮಾರ್ಕರುಗಳನ್ನು ಒಟ್ಟಿಗೆ ಕಟ್ಟಿಕೊಡುವ ಪ್ಯಾಕೇಜಿನ ಲೆಕ್ಕ ಇನ್ನೂ ಮಜವಾಗಿದೆ. ಪ್ರತಿಯೊಂದೂ ನೂರು ಆರೋಗ್ಯವಂತರಲ್ಲಿ ಐವರಿಗೆ ಮಾತ್ರ ಸುಳ್ಳು ಪಾಸಿಟಿವ್ ಕೊಡುತ್ತದೆ, ಒಂದಕ್ಕೊಂದು ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ಐದು ಮಾರ್ಕರ್ ಅಳೆದರೆ ಏನೂ ಇಲ್ಲದ ನೂರು ಜನರಲ್ಲಿ ಸುಮಾರು 23 ಜನರ ವರದಿಯಲ್ಲಿ ಕನಿಷ್ಠ ಒಂದು ಸಾಲಾದರೂ ಕೆಂಪಾಗಿರುತ್ತದೆ.

ಹಂತ 6: ಯಾವ ಹಂತದ ಕ್ಯಾನ್ಸರ್? ಪಾಲಿಪ್ ಸಿಗುತ್ತದೆಯೇ?

ದೊಡ್ಡ ಕರುಳಿನ ಕ್ಯಾನ್ಸರುಗಳಲ್ಲಿ ಹೆಚ್ಚಿನವು ಪಾಲಿಪ್ ಎಂಬ ಸಣ್ಣ ಬೆಳವಣಿಗೆಯಿಂದ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತವೆ. ಪಾಲಿಪ್ ಇರುವಾಗಲೇ ಕತ್ತರಿಸಿ ತೆಗೆದರೆ ಕ್ಯಾನ್ಸರೇ ಬರುವುದಿಲ್ಲ. ಬೇರೆ ಬಹುಪಾಲು ಕ್ಯಾನ್ಸರುಗಳ ತಪಾಸಣೆಯಲ್ಲಿ ಸಿಗದ ಅವಕಾಶ ಇದು. ಹಾಗಾಗಿ ಪರೀಕ್ಷೆಯ ಬೆಲೆ ಕಟ್ಟುವಾಗ ನಾಲ್ಕನೇ ಹಂತದ ಕ್ಯಾನ್ಸರನ್ನು ಎಷ್ಟು ಹಿಡಿಯುತ್ತದೆ ಎಂಬುದು ಲೆಕ್ಕಕ್ಕೇ ಬರಬಾರದು.

ಶೀಲ್ಡ್ ಅಧ್ಯಯನದಲ್ಲಿ ಎರಡನೆಯ ಹಂತದಿಂದ ಮೇಲಿನ, ಹಂತ ಗೊತ್ತಿದ್ದ ಎಲ್ಲ ಕ್ಯಾನ್ಸರುಗಳೂ ಸಿಕ್ಕವು. ಮೊದಲ ಹಂತದ 17ರಲ್ಲಿ 11 ಸಿಕ್ಕವು. ಅಪಾಯಕಾರಿ ಪಾಲಿಪ್‌ಗಳಿದ್ದ 1,116 ಜನರಲ್ಲಿ ಪಾಸಿಟಿವ್ ಬಂದದ್ದು 147 ಜನರಿಗೆ, ಶೇಕಡಾ 13. ಕ್ಯಾನ್ಸರ್ ಇಲ್ಲದವರಲ್ಲೂ ಶೇಕಡಾ 10ರಷ್ಟು ಜನಕ್ಕೆ ಪಾಸಿಟಿವ್ ಬರುತ್ತಿತ್ತು ಎಂಬುದನ್ನು ನೆನಪಿಟ್ಟುಕೊಂಡರೆ, ಪಾಲಿಪ್ ವಿಷಯದಲ್ಲಿ ಅದು ಹೆಚ್ಚುಕಡಿಮೆ ಕುರುಡು. ಇದು ಆ ಒಂದು ಕಂಪನಿಯ ದೋಷವಲ್ಲ. ಗೋಡೆಯ ಒಳಪದರದಲ್ಲಿರುವ ಪಾಲಿಪ್ ರಕ್ತನಾಳಕ್ಕೆ ಡಿಎನ್‌ಎ ಬಿಡುವುದೇ ಅತ್ಯಲ್ಪ; ಇಲ್ಲದ್ದನ್ನು ಯಾವ ಯಂತ್ರವೂ ಹುಡುಕಲಾರದು. ಸೆಪ್ಟಿನ್ 9 ಪಾಲಿಪ್‌ಗಳಲ್ಲಿ ಹಿಡಿದದ್ದು ಶೇಕಡಾ 11.

ಹಂತ 7: ಅಗ್ಗದ ಪರೀಕ್ಷೆಯ ಪಕ್ಕ ನಿಲ್ಲಿಸಿ ನೋಡಿ

ಹೊಸ ಪರೀಕ್ಷೆಯನ್ನು ‘ಏನೂ ಮಾಡಿಸದಿರುವುದಕ್ಕೆ’ ಹೋಲಿಸಿದರೆ ಯಾವುದೂ ಚೆನ್ನಾಗಿಯೇ ಕಾಣುತ್ತದೆ. ಹೋಲಿಸಬೇಕಾದದ್ದು ಮಲದಲ್ಲಿ ಕಣ್ಣಿಗೆ ಕಾಣದ ರಕ್ತವನ್ನು ಹುಡುಕುವ ಫಿಟ್ ಪರೀಕ್ಷೆಗೆ. ಸುಮಾರು ಹತ್ತು ಸಾವಿರ ಜನರ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಒಂದೇ ಸಲದ ಫಿಟ್ 65 ಕ್ಯಾನ್ಸರುಗಳಲ್ಲಿ 48ನ್ನು, ಅಂದರೆ ಶೇಕಡಾ 74ನ್ನು ಹಿಡಿಯಿತು. ಮುಂದುವರಿದ ಪಾಲಿಪ್‌ಗಳಲ್ಲಿ ಶೇಕಡಾ 24. ಸ್ಪೆಸಿಫಿಸಿಟಿ 95ರ ಹತ್ತಿರ. ಡಿಎನ್‌ಎ ರಕ್ತಪರೀಕ್ಷೆಯ ಬೆಲೆಯ ಸಣ್ಣದೊಂದು ಭಾಗಕ್ಕೆ ಸಿಗುವ, ವರ್ಷಕ್ಕೊಮ್ಮೆ ಮಾಡುವ ಪರೀಕ್ಷೆ ಇದು. ರಕ್ತಪರೀಕ್ಷೆಗೆ ಸೂಚಿಸಿರುವ ಅಂತರ ಮೂರು ವರ್ಷ. ಮೊದಲ ವರ್ಷ ಫಿಟ್ ಕೈಯಿಂದ ತಪ್ಪಿಸಿಕೊಂಡದ್ದು ಮರುವರ್ಷ ಸಿಗುವ ಅವಕಾಶವಿದೆ.

ನಮ್ಮವರು ಮಲದ ಡಬ್ಬಿ ಎಂದರೆ ಮುಖ ಸಿಂಡರಿಸುತ್ತಾರೆ, ರಕ್ತವಾದರೆ ತೋಳು ಚಾಚುತ್ತಾರೆ. ಇದು ಹಗುರ ಸಂಗತಿಯಲ್ಲ. ಮಾಡಿಸಿಕೊಳ್ಳದ ಒಳ್ಳೆಯ ಪರೀಕ್ಷೆಗಿಂತ ಮಾಡಿಸಿಕೊಂಡ ಸಾಧಾರಣ ಪರೀಕ್ಷೆ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೂ ಹೊಸ ರಕ್ತಪರೀಕ್ಷೆಯ ಪರ ಈ ವಾದ ಮಾಡುವವರು ಅದನ್ನು ಸಿಇಎಗೆ ವಿಸ್ತರಿಸಿದರೆ ನಾನು ಒಪ್ಪುವುದಿಲ್ಲ.

ಫಿಟ್ ಕೇಳುವಾಗ ಒಂದು ಎಚ್ಚರಿಕೆ. ‘ಸ್ಟೂಲ್ ಅಕಲ್ಟ್ ಬ್ಲಡ್’ ಎಂದಷ್ಟೇ ಹೇಳಿದರೆ ಹಳೆಯ ರಾಸಾಯನಿಕ ವಿಧಾನದಲ್ಲಿ ಮಾಡಿಕೊಡಬಹುದು. ಅದಕ್ಕೆ ತಿಂದ ಮಾಂಸದ ರಕ್ತ, ಹಸಿ ಮೂಲಂಗಿ ಎಲ್ಲ ಗೊಂದಲ ಮಾಡುತ್ತವೆ. ಮನುಷ್ಯರ ಹಿಮೋಗ್ಲೋಬಿನ್ ಮಾತ್ರ ಗುರುತಿಸುವ ಇಮ್ಯುನೋಕೆಮಿಕಲ್ ವಿಧಾನವೇ ಬೇಕೆಂದು ಹೇಳಿ.

ಹಂತ 8: ಲ್ಯಾಬು ಮತ್ತು ಸ್ಯಾಂಪಲ್

ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ. ನೀವು ಮಾಡಿಸುವ ಆ ನಿರ್ದಿಷ್ಟ ಪರೀಕ್ಷೆ ಮಾನ್ಯತೆಯ ವ್ಯಾಪ್ತಿಯಲ್ಲಿದೆಯೇ ಎಂದು ಕೇಳಿ. ಸಕ್ಕರೆ ಅಳೆಯಲು ಸಿಕ್ಕ ಮಾನ್ಯತೆ ಡಿಎನ್‌ಎ ಪರೀಕ್ಷೆಗೆ ಬರುವುದಿಲ್ಲ.

ತೇಲುವ ಡಿಎನ್‌ಎ ಪರೀಕ್ಷೆಯಲ್ಲಿ ಸ್ಯಾಂಪಲ್ ಸಾಗಣೆ ಬಹಳ ಸೂಕ್ಷ್ಮ. ಕೊಳವೆಯಲ್ಲಿ ರಕ್ತ ಹೊತ್ತು ಕೂತಷ್ಟೂ ಬಿಳಿ ರಕ್ತಕಣಗಳು ಒಡೆದು ತಮ್ಮ ಡಿಎನ್‌ಎ ಸುರಿಯುತ್ತವೆ. ಹುಡುಕುತ್ತಿರುವ ಚೂರು ಅದರಲ್ಲಿ ಮುಳುಗಿಹೋಗುತ್ತದೆ. ಇದನ್ನು ತಡೆಯುವ ವಿಶೇಷ ಕೊಳವೆಗಳಿವೆ. ಮಾಮೂಲಿ ನೇರಳೆ ಮುಚ್ಚಳದ ಕೊಳವೆಯಲ್ಲಿ ತೆಗೆದರೆ ಕೆಲವೇ ಗಂಟೆಗಳಲ್ಲಿ ಪ್ಲಾಸ್ಮಾ ಬೇರ್ಪಡಿಸಬೇಕು. ವೈಟ್‌ಫೀಲ್ಡಿನಲ್ಲಿ ಬೆಳಗ್ಗೆ ತೆಗೆದ ರಕ್ತ ಸ್ಕೂಟರಿನ ಡಬ್ಬಿಯಲ್ಲಿ ಹತ್ತು ಮನೆ ಸುತ್ತಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು, ಸಂಜೆಗೆ ವಿಮಾನ ಹತ್ತಿ ಬೇರೆ ಊರಿಗೆ ಹೋಗುವುದಾದರೆ, ಯಾವ ಕೊಳವೆ, ಎಷ್ಟು ಗಂಟೆಯ ಮಿತಿ ಎಂದು ಕೇಳುವ ಹಕ್ಕು ನಿಮಗಿದೆ. ಉತ್ತರ ಗೊತ್ತಿಲ್ಲದ ಲ್ಯಾಬಿಗೆ ರಕ್ತ ಕೊಡಬೇಡಿ.

ಶಸ್ತ್ರಚಿಕಿತ್ಸೆಯ ನಂತರ ಸಿಇಎ ನೋಡಿಸುತ್ತಿರುವವರು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಮಾಡಿಸಿ. ಬೇರೆ ಕಂಪನಿಗಳ ಯಂತ್ರಗಳು ಒಂದೇ ರಕ್ತಕ್ಕೆ ಬೇರೆ ಬೇರೆ ಅಂಕಿ ಕೊಡುತ್ತವೆ. ಕೂದಲಿಗೆಂದು ಹೆಚ್ಚಿನ ಪ್ರಮಾಣದ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ. ಕೆಲವು ಯಂತ್ರಗಳ ಅಳತೆಯನ್ನು ಅದು ಕೆಡಿಸುತ್ತದೆ.

ಹಂತ 9: ಫಲಿತಾಂಶ ಬಂದ ಮೇಲೆ

ರಕ್ತ ಕೊಡುವ ಮೊದಲೇ ನಿರ್ಧರಿಸಿಕೊಳ್ಳಿ: ಪಾಸಿಟಿವ್ ಬಂದರೆ ಕೊಲೊನೋಸ್ಕೋಪಿ ಮಾಡಿಸಿಕೊಳ್ಳುತ್ತೇನೆಯೇ? ಹಿಂದಿನ ದಿನ ಪಥ್ಯ, ಲೀಟರುಗಟ್ಟಲೆ ಭೇದಿಯ ದ್ರಾವಣ, ಒಂದು ದಿನದ ರಜೆ, ಖರ್ಚು ಎಲ್ಲ ಸೇರಿ. ಇಲ್ಲ ಎಂದಾದರೆ ಪರೀಕ್ಷೆ ಬೇಡ. ಪಾಸಿಟಿವ್ ಬಂದದ್ದಕ್ಕೆ ಅದೇ ರಕ್ತಪರೀಕ್ಷೆಯನ್ನು ಇನ್ನೊಂದು ಲ್ಯಾಬಿನಲ್ಲಿ ಮಾಡಿಸಿ, ಅಲ್ಲಿ ನೆಗೆಟಿವ್ ಬಂತೆಂದು ನೆಮ್ಮದಿಪಡುವುದು ಈ ಊರಿನ ದೊಡ್ಡ ಚಟ. ಮೊದಲ ಪಾಸಿಟಿವ್‌ಗೆ ಉತ್ತರ ಕೊಲೊನೋಸ್ಕೋಪಿ ಮಾತ್ರ.

ನೆಗೆಟಿವ್ ಬಂದವರು ದಿನಾಂಕ ಬರೆದಿಟ್ಟುಕೊಂಡು ಮುಂದಿನ ಸರದಿಗೆ ಹೋಗಬೇಕು. ನಡುವೆ ರಕ್ತ ಕಾಣಿಸಿದರೆ ಆ ವರದಿಯ ಅವಧಿ ಅಂದಿಗೇ ಮುಗಿಯಿತು.

ಪಾಸಿಟಿವ್ ಬಂದು ಕೊಲೊನೋಸ್ಕೋಪಿಯಲ್ಲಿ ಏನೂ ಸಿಗದಿದ್ದರೆ? ಮೇಲಿನ ಲೆಕ್ಕದ ಪ್ರಕಾರ ಹೆಚ್ಚಿನವರ ಪಾಡು ಇದೇ. ಪೆಟ್ ಸ್ಕ್ಯಾನಿಗೆ ಓಡುವ ಮೊದಲು ಕೊಲೊನೋಸ್ಕೋಪಿಯ ವರದಿಯನ್ನು ಕೈಯಲ್ಲಿ ಹಿಡಿದು ಮೂರು ವಿಷಯ ಹುಡುಕಿ. ಸೀಕಮ್, ಅಂದರೆ ದೊಡ್ಡ ಕರುಳಿನ ಆರಂಭದ ಚೀಲದವರೆಗೂ ಕೊಳವೆ ತಲುಪಿತೇ, ಅದರ ಫೋಟೊ ಇದೆಯೇ? ಕರುಳು ಎಷ್ಟು ಸ್ವಚ್ಛವಾಗಿತ್ತೆಂದು ಬರೆದಿದ್ದಾರೆಯೇ? ಕೊಳವೆ ಹಿಂದಕ್ಕೆ ಎಳೆಯುತ್ತ ಗೋಡೆ ನೋಡಲು ಕನಿಷ್ಠ ಆರು ನಿಮಿಷವಾದರೂ ತೆಗೆದುಕೊಂಡಿದ್ದಾರೆಯೇ? ಮೂರಕ್ಕೂ ಹೌದು ಎಂದಿದ್ದರೆ ಮುಂದೇನು ಎಂಬುದನ್ನು ಗ್ಯಾಸ್ಟ್ರೋಎಂಟರಾಲಜಿಸ್ಟ್ ಜತೆ ನಿಧಾನವಾಗಿ ಮಾತಾಡಬಹುದು. ಕರುಳು ಸ್ವಚ್ಛವಾಗಿರಲಿಲ್ಲ ಎಂದು ಬರೆದಿದ್ದರೆ ಮತ್ತೊಮ್ಮೆ ದ್ರಾವಣ ಕುಡಿಯಲು ಸಿದ್ಧರಾಗಿ.